ಒದ್ದೆ ಬಟ್ಟೆ ಆರುವ ತನಕ

ಶಿರಸಿ ಕಡೆಯ ನಮ್ಮ ಅಜ್ಜನ ಮನೆಯಲ್ಲಿ ಅಡಿಕೆ ಕೊಯ್ಲು ಶುರುವಾಯಿತೆಂದರೆ, ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಸುಲಿಯುವವರ ಸಾಲು ಕೂರುತ್ತಿತ್ತು. ಹತ್ತು ಹನ್ನೆರಡು ಮೆಟ್ಟುಗತ್ತಿ, ನಡುವೆ ಹಸಿ ಅಡಿಕೆಯ ರಾಶಿ, ಮೇಲೊಂದು ಹಳದಿ ಬಲ್ಬು. ಶಾಲೆಯ ಬೆಂಚಿನ ಮೇಲೆ ಹತ್ತು ನಿಮಿಷ ಕೂರಲಾಗದ, ಒಂದು ಲೆಕ್ಕ ಬಿಡಿಸುವಷ್ಟರಲ್ಲಿ ಕಿಟಕಿಯಾಚೆ ಊರೆಲ್ಲ ಸುತ್ತಿ ಬರುತ್ತಿದ್ದ ನಾನು ಆ ಜಗಲಿಯಲ್ಲಿ ಮಾತ್ರ ಎರಡು ಮೂರು ಗಂಟೆ ಏಳದೆ ಕೂತಿರುತ್ತಿದ್ದೆ. ಸಿಪ್ಪೆ ಬಾಚುವುದು, ಸುಲಿದದ್ದನ್ನು ಬುಟ್ಟಿಗೆ ತುಂಬುವುದು ನನ್ನ ಪಾಲಿನ ಕೆಲಸ. ನನ್ನನ್ನು ಯಾರೂ ಗಮನಿಸುತ್ತಿರಲಿಲ್ಲ, ಯಾರೂ ಬೇಗ ಬೇಗ ಅನ್ನುತ್ತಿರಲಿಲ್ಲ. ಪಕ್ಕದವರ ಕೈ ಆಡುತ್ತಿತ್ತು, ನನ್ನ ಕೈಯೂ ಆಡುತ್ತಿತ್ತು.

'ಇಲ್ಲಿ ಇಷ್ಟು ಹೊತ್ತು ಕೂರ್ತೀಯಲ್ಲ, ಪುಸ್ತಕದ ಮುಂದೆ ಯಾಕೆ ಆಗಲ್ಲ?' ಎಂದು ಚಿಕ್ಕಮ್ಮ ಒಮ್ಮೆ ಕೇಳಿದ್ದಳು. ಗದರಿದ್ದಲ್ಲ, ತಿಳಿದುಕೊಳ್ಳಬೇಕೆಂದೇ ಕೇಳಿದ್ದಳು. ಅದಕ್ಕೆ ಉತ್ತರ ಸಿಗುವ ಹೊತ್ತಿಗೆ ನನಗೆ 39 ವರ್ಷ. ಅಷ್ಟರಲ್ಲಿ ಅರ್ಧಕ್ಕೆ ನಿಂತ ಎರಡು ಕಾದಂಬರಿ, ಕೊಟ್ಟ ಮಾತಿಗೆ ತಪ್ಪಿ ಮುಖ ತಪ್ಪಿಸಿಕೊಂಡ ನಾಲ್ಕಾರು ಸಂಪಾದಕರು, 'ಮನಸ್ಸು ಮಾಡಿದ್ರೆ ಬರೀತಾರೆ, ಮನಸ್ಸು ಮಾಡಲ್ಲ' ಎಂಬ ಹೆಸರು, ಇಷ್ಟು ಸಂಪಾದನೆಯಾಗಿತ್ತು. ಮನೋವೈದ್ಯರು ಎರಡು ದೀರ್ಘ ಭೇಟಿಗಳ ನಂತರ ಹೇಳಿದ್ದು ಎಡಿಎಚ್‌ಡಿ.

ಈ ಹೆಸರನ್ನು ಕನ್ನಡಕ್ಕೆ ತಂದರೆ ಗಮನ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ ಎಂದಾಗುತ್ತದೆ. ಹೆಸರೇ ದಾರಿ ತಪ್ಪಿಸುತ್ತದೆ. ಇಲ್ಲಿ ಗಮನಕ್ಕೆ ಕೊರತೆಯಿಲ್ಲ. ಅದು ಬೇಕಾದ ಕಡೆ, ಬೇಕಾದ ಹೊತ್ತಿಗೆ ಹೋಗುವುದಿಲ್ಲ, ಹೋದರೆ ಬೇಡವೆಂದರೂ ಏಳುವುದಿಲ್ಲ. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್‌ನಲ್ಲಿ ಜಾರ್ಜ್ ಸ್ಟಿಲ್ ಎಂಬ ಮಕ್ಕಳ ವೈದ್ಯರು ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟಿದ್ದು 1902ರಲ್ಲಿ. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಗಮನ ಕೊರತೆ ಎಂಬ ಪದ ಬಂದಿದ್ದು 1980ರಲ್ಲಿ, ಈಗಿನ ಪೂರ್ಣ ಹೆಸರು 1987ರಲ್ಲಿ. ಆದರೂ ಬಹುಕಾಲ ಇದು ಮಕ್ಕಳ ಕಾಯಿಲೆ, ಅದರಲ್ಲೂ ಗಂಡುಮಕ್ಕಳ ಕಾಯಿಲೆ, ದೊಡ್ಡವರಾದ ಮೇಲೆ ತಾನಾಗಿ ಹೋಗುತ್ತದೆ ಎಂಬ ನಂಬಿಕೆಯೇ ಗಟ್ಟಿಯಾಗಿತ್ತು. 2013ರ ಆವೃತ್ತಿಯಲ್ಲಿ ವಯಸ್ಕರಿಗೆಂದು ಮಾನದಂಡ ಸಡಿಲಿಸಿ, ಮಕ್ಕಳಲ್ಲಿ ಆರು ಲಕ್ಷಣ ಬೇಕಿದ್ದರೆ ದೊಡ್ಡವರಲ್ಲಿ ಐದು ಸಾಕು ಎಂದರು. 12 ವರ್ಷ ತುಂಬುವ ಮೊದಲೇ ಅದರ ಕುರುಹು ಇದ್ದಿರಬೇಕು. ಅದೇ ಕೈಪಿಡಿಯ ಅಂದಾಜಿನಲ್ಲಿ ವಯಸ್ಕರಲ್ಲಿ ಶೇ 2.5ರಷ್ಟು ಮಂದಿಗೆ ಇದು ಇದೆ.

ರಸೆಲ್ ಬಾರ್ಕ್ಲಿ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ದಶಕಗಳಿಂದ ಒಂದೇ ಮಾತನ್ನು ಬೇರೆಬೇರೆ ರೀತಿಯಲ್ಲಿ ಹೇಳುತ್ತ ಬಂದಿದ್ದಾರೆ: ಇವರಿಗೆ ಏನು ಮಾಡಬೇಕೆಂಬುದು ಗೊತ್ತಿದೆ, ಗೊತ್ತಿರುವುದನ್ನು ಆ ಹೊತ್ತಿಗೆ ಮಾಡಲಾಗುವುದಿಲ್ಲ. ನನಗೆ ಇಡೀ ವಿಷಯದ ಬೀಗದ ಕೈ ಇಲ್ಲಿದೆ ಅನ್ನಿಸುತ್ತದೆ. ತೊಂದರೆ ತಿಳಿವಳಿಕೆಯದ್ದಾಗಿದ್ದರೆ ಬುದ್ಧಿಮಾತು ಸಾಕಿತ್ತು. ಇನ್ನೊಂದು ಪುಸ್ತಕ, ಇನ್ನೊಂದು ಡೈರಿ, ಇನ್ನೊಂದು ಆ್ಯಪ್ ಸಾಕಿತ್ತು. ತೊಂದರೆ ಕೆಲಸ ನಡೆಯಬೇಕಾದ ಜಾಗದಲ್ಲಿ, ಆ ಗಳಿಗೆಯಲ್ಲಿ ಇದೆ. ಹಾಗಾಗಿ ನೆರವೂ ಅಲ್ಲೇ, ಆಗಲೇ ಇರಬೇಕು.

ಬರವಣಿಗೆಯನ್ನು ಈ ಕಣ್ಣಿನಿಂದ ನೋಡಿ. ಎಡಿಎಚ್‌ಡಿ ಇರುವವರ ನಡುವೆ ಒಂದು ಮಾತಿದೆ, ನಮಗೆ ಇರುವುದು ಎರಡೇ ಕಾಲ: ಈಗ ಮತ್ತು ಈಗಲ್ಲ. ಕಾದಂಬರಿ ಎಂಬುದು ಪೂರ್ತಿಯಾಗಿ 'ಈಗಲ್ಲ'ದಲ್ಲಿ ಇರುವ ವಸ್ತು. ಮುಗಿಯಲು ಎರಡು ವರ್ಷ, ಅಚ್ಚಾಗಲು ಇನ್ನೊಂದು, ಯಾರೋ ಓದಿ ಒಂದು ಮಾತು ಹೇಳುವುದಕ್ಕೆ ಇನ್ನೆಷ್ಟೋ. ಕೂತಾಗ ಹಿಂದಿನ ವಾಕ್ಯ, ಈಗಿನ ವಾಕ್ಯ, ಎಲ್ಲಿಗೆ ಹೊರಟಿದ್ದೇವೆಂಬ ದಿಕ್ಕು, ಇಷ್ಟನ್ನೂ ತಲೆಯಲ್ಲಿ ಒಟ್ಟಿಗೆ ಹಿಡಿದಿರಬೇಕು. ಅಷ್ಟು ಹಿಡಿಯುವ ಕೈಯೇ ಇಲ್ಲಿ ಸಡಿಲ. ಮೇಲಧಿಕಾರಿಯಿಲ್ಲ, ಗಂಟೆ ಹೊಡೆಯುವವರಿಲ್ಲ, ಪಕ್ಕದಲ್ಲಿ ಯಾರೂ ಇಲ್ಲ. ವಾರಪತ್ರಿಕೆಗಳ ಧಾರಾವಾಹಿ ಕಾಲದಲ್ಲಿ ಮುಂದಿನ ಕಂತಿಗೆ ಕಾಯುವ ಸಂಪಾದಕನಾದರೂ ಇದ್ದ. ಈಗ ಬಹುಪಾಲು ಬರಹಗಾರರಿಗೆ ಅದೂ ಇಲ್ಲ. ಇಂಥ ಮಿದುಳಿಗೆ ಇದಕ್ಕಿಂತ ಕಷ್ಟದ ಕಸುಬನ್ನು ಹುಡುಕುವುದು ಕಷ್ಟ, ಆದರೂ ನಮ್ಮಲ್ಲಿ ಅನೇಕರು ಇದನ್ನೇ ಹಿಡಿದಿದ್ದೇವೆ. ಯಾಕೆಂದರೆ ಕಿಟಕಿಯಾಚೆ ಸುತ್ತಿ ಬಂದವರಿಗೆ ಹೇಳಲು ಏನೋ ಇರುತ್ತದೆ.

1984ರಲ್ಲಿ ಲಂಡನ್ನಿನಲ್ಲಿ ನಡೆದದ್ದೊಂದಿದೆ. ಡಗ್ಲಸ್ ಆ್ಯಡಮ್ಸ್ ಎಂಬ ಜನಪ್ರಿಯ ಲೇಖಕ ತನ್ನ ನಾಲ್ಕನೆಯ ಕಾದಂಬರಿಯನ್ನು ಎಷ್ಟು ಕೇಳಿದರೂ ಮುಗಿಸಿಕೊಡಲಿಲ್ಲ. ಪ್ರಕಾಶಕ ಸನ್ನಿ ಮೆಹ್ತಾ, ದಿಲ್ಲಿಯಲ್ಲಿ ಹುಟ್ಟಿ ಮುಂದೆ ನ್ಯೂಯಾರ್ಕಿನ ಪ್ರಕಾಶನಲೋಕದಲ್ಲಿ ಬಹು ದೊಡ್ಡ ಹೆಸರಾದವರು, ಒಂದು ಹೋಟೆಲಿನಲ್ಲಿ ಕೋಣೆಗಳನ್ನು ಹಿಡಿದು ಲೇಖಕನೊಂದಿಗೆ ತಾವೂ ಅಲ್ಲೇ ಉಳಿದರು. ಆ್ಯಡಮ್ಸ್ ಟೈಪ್ ಮಾಡುತ್ತಿದ್ದರು, ಮೆಹ್ತಾ ಅಲ್ಲೇ ಕೂತು ವಿಡಿಯೊದಲ್ಲಿ ಸಿನಿಮಾ ನೋಡುತ್ತಿದ್ದರು. ವಾರಗಟ್ಟಲೆ ಹೀಗೆ ನಡೆದು ಪುಸ್ತಕ ಮುಗಿಯಿತು. ಆ್ಯಡಮ್ಸ್‌ಗೆ ಎಡಿಎಚ್‌ಡಿ ಇತ್ತೆಂದು ನಾನು ಹೇಳುತ್ತಿಲ್ಲ. ಗತಿಸಿದವರಿಗೆ ರೋಗದ ಹೆಸರು ಅಂಟಿಸುವುದು ಸರಿಯಲ್ಲ. ಆದರೆ ಈ ಪ್ರಸಂಗವನ್ನು ಸಾಹಿತ್ಯಲೋಕ ಲೇಖಕನ ಸೋಮಾರಿತನದ ಕಥೆಯಾಗಿ ಹೇಳಿಕೊಂಡು ನಗುತ್ತದೆ. ನನಗೆ ಅದರಲ್ಲಿ ಕಾಣುವುದು ಅಡಿಕೆ ಜಗಲಿ. ಪಕ್ಕದಲ್ಲಿ ಒಬ್ಬರು ಇದ್ದರು, ಕೆಲಸ ಆಯಿತು.

ಇದಕ್ಕೆ ಈಗ ಬಾಡಿ ಡಬ್ಲಿಂಗ್ ಎಂಬ ಹೆಸರಿದೆ. ಅಮೆರಿಕದ ಎಡಿಎಚ್‌ಡಿ ಕೋಚ್ ಲಿಂಡಾ ಆ್ಯಂಡರ್ಸನ್ 1990ರ ದಶಕದಲ್ಲಿ ಇದನ್ನು ಬಳಕೆಗೆ ತಂದರೆಂದು ಆ ವಲಯದವರು ಹೇಳುತ್ತಾರೆ. ಜೊತೆಗಿರುವವರು ಸಹಾಯ ಮಾಡಬೇಕಿಲ್ಲ, ಮಾತಾಡಬೇಕಿಲ್ಲ, ಅದೇ ಕೆಲಸವನ್ನೇ ಮಾಡಬೇಕೆಂದೂ ಇಲ್ಲ. ಇದ್ದರೆ ಸಾಕು. ಮಲೆನಾಡಿನವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ನಿಮ್ಮ ಗದ್ದೆಗೆ ಇವತ್ತು ನಾವು, ನಮ್ಮ ಗದ್ದೆಗೆ ನಾಳೆ ನೀವು ಎಂಬ ಮುಯ್ಯಾಳು ಪದ್ಧತಿ ಇದರ ಹತ್ತಿರದ ನೆಂಟ.

ಒಂದು ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತ್ತು. ರಾಬರ್ಟ್ ಜಾಯಂಟ್ಸ್ ಎಂಬ ಮನಶ್ಶಾಸ್ತ್ರಜ್ಞ 1965ರಲ್ಲಿ ಬರೆದ ಪ್ರಸಿದ್ಧ ಪ್ರಬಂಧದ ಪ್ರಕಾರ, ಇನ್ನೊಬ್ಬರ ಇರವು ಕೈಪಳಗಿದ ಕೆಲಸವನ್ನು ಚುರುಕುಗೊಳಿಸುತ್ತದೆ, ಹೊಸ ಹಾಗೂ ಕಠಿಣ ಕೆಲಸವನ್ನು ಕೆಡಿಸುತ್ತದೆ. ಹಾಗಾದರೆ ಅಡಿಕೆಗೆ ಒಪ್ಪುವ ಸಂಗ ಕಾದಂಬರಿಗೆ ಹೇಗೆ ಒಪ್ಪೀತು? ಒಟ್ಟಿಗೆ ಕೂತು ಬರೆಯುವ ನಮ್ಮದೊಂದು ಗುಂಪಿದೆ, ಅದರಲ್ಲಿ ಎರಡು ವರ್ಷ ಕೂತ ಮೇಲೆ ನನಗೆ ತೋಚಿದ್ದು ಇಷ್ಟು: ಸಂಗ ನೆರವಾಗುವುದು ವಾಕ್ಯ ಕಟ್ಟುವುದಕ್ಕಲ್ಲ, ಕುರ್ಚಿಯಲ್ಲಿ ಕೂರುವುದಕ್ಕೆ, ಫೈಲು ತೆರೆಯುವುದಕ್ಕೆ, ಎದ್ದು ಹೋಗದಿರುವುದಕ್ಕೆ. ಅವೆಲ್ಲ ಎಲ್ಲರಿಗೂ ಗೊತ್ತಿರುವ ಸುಲಭದ ಕೆಲಸಗಳೇ. ಕಠಿಣವಾದದ್ದು ವಾಕ್ಯ, ಅದರ ಮೇಲೆ ಯಾರ ಕಣ್ಣೂ ಬೀಳಬಾರದು. ಅದಕ್ಕೇ ನಮ್ಮಲ್ಲಿ ಒಬ್ಬರ ಪುಟವನ್ನು ಇನ್ನೊಬ್ಬರು ನೋಡುವುದಿಲ್ಲ, ಬರೆದದ್ದನ್ನು ಓದಿ ತೋರಿಸುವ ಪದ್ಧತಿಯೂ ಇಲ್ಲ.

ನಮ್ಮ ಗುಂಪೆಂದರೆ ಏಳು ಜನ ಮತ್ತು ಒಬ್ಬ ಕೋಚ್. ಶನಿವಾರ ಬೆಳಗ್ಗೆ ಆರೂವರೆಗೆ ಪರದೆಯ ಮೇಲೆ ಸೇರುತ್ತೇವೆ. ಹಾಸನದ ಕಡೆಯ ಶಾಲಾ ಶಿಕ್ಷಕಿ, ಬ್ಯಾಂಕಿನಿಂದ ನಿವೃತ್ತರಾಗಿ ಆತ್ಮಕಥನ ಬರೆಯುತ್ತಿರುವ ಧಾರವಾಡದ ಹಿರಿಯರು, ನ್ಯೂಜೆರ್ಸಿಯಲ್ಲಿ ಕೂತು ಕನ್ನಡದಲ್ಲಿ ಕಥೆ ಬರೆಯುವ ಇಂಜಿನಿಯರ್. ಅವನಿಗೆ ಆಗ ಶುಕ್ರವಾರ ರಾತ್ರಿ ಎಂಟೋ ಒಂಬತ್ತೋ. ಮೊದಲ ಹದಿನೈದು ನಿಮಿಷ ಸುತ್ತು ಮಾತು. ಆಮೇಲೆ ಇಪ್ಪತ್ತೈದು ನಿಮಿಷದ ಎರಡು ಮೌನದ ಬೈಠಕ್. ಕೊನೆಗೆ ಮತ್ತೆ ಸುತ್ತು. ಇಪ್ಪತ್ತೈದು ನಿಮಿಷದ ಲೆಕ್ಕ ಫ್ರಾನ್ಸೆಸ್ಕೊ ಚಿರಿಲ್ಲೊ ಎಂಬ ಇಟಲಿಯ ವಿದ್ಯಾರ್ಥಿ 1980ರ ದಶಕದ ಕೊನೆಗೆ ಅಡುಗೆಮನೆಯ ಟೊಮೆಟೊ ಆಕಾರದ ಟೈಮರ್ ಇಟ್ಟುಕೊಂಡು ಕಂಡುಕೊಂಡದ್ದು. ಆದರೆ ನಮ್ಮಲ್ಲಿ ಅದಕ್ಕೆ ಟೊಮೆಟೊ ಅನ್ನುವುದಿಲ್ಲ, ಒದ್ದೆಬಟ್ಟೆ ಅನ್ನುತ್ತೇವೆ. ಗದುಗಿನ ವೀರನಾರಾಯಣ ಗುಡಿಯಲ್ಲಿ ಕುಮಾರವ್ಯಾಸ ಮಿಂದು ಬಂದು, ಒದ್ದೆ ಬಟ್ಟೆಯಲ್ಲೇ ಕಂಬದ ಬಳಿ ಕೂತು, ಅದು ಆರುವ ತನಕ ಕಾವ್ಯ ಹೇಳುತ್ತಿದ್ದನೆಂಬ ಐತಿಹ್ಯ ಕನ್ನಡಿಗರಿಗೆಲ್ಲ ಗೊತ್ತು. ಆ ಕಂಬವನ್ನು ಇವತ್ತಿಗೂ ತೋರಿಸುತ್ತಾರೆ. ಧಾರವಾಡದ ಹಿರಿಯರು ಒಂದು ದಿನ 'ಅಂವಗೂ ಟೈಮರ್ ಇತ್ತಲ್ರಿ, ಮೈಮ್ಯಾಲೇ ಇತ್ತು' ಅಂದರು. ಅಂದಿನಿಂದ ಹೆಸರು ನಿಂತಿತು. ಎದುರಿಗೆ ಓಡುವ ಅಂಕಿಗಿಂತ ಮೈಗೆ ಹತ್ತಿದ ತಂಪು ಎಷ್ಟೋ ನಿಜವಾದ ಗಡಿಯಾರ. ಹೊತ್ತು ಹೋಗುವುದೇ ಗೊತ್ತಾಗದವರಿಗೆ ಹೊತ್ತು ಹೀಗೆ ಮೈಗೆ ತಾಗಬೇಕು.

ಕೋಚ್ ಮಾಡುವುದೇನು? ಅವರು ವೈದ್ಯರಲ್ಲ, ಚಿಕಿತ್ಸಕರಲ್ಲ, ಸಾಹಿತ್ಯ ಕಲಿಸುವ ಗುರುಗಳೂ ಅಲ್ಲ. ಎಡ್ವರ್ಡ್ ಹ್ಯಾಲೊವೆಲ್ ಮತ್ತು ಜಾನ್ ರೇಟಿ ಎಂಬ ಇಬ್ಬರು ಮನೋವೈದ್ಯರು 1994ರಲ್ಲಿ ತಂದ ಪುಸ್ತಕ ವಯಸ್ಕರ ಎಡಿಎಚ್‌ಡಿಯನ್ನು ಮನೆಮಾತಾಗಿಸಿತು. ಅದರಲ್ಲೇ ಅವರು ಇಂಥವರಿಗೆ ದಿನಕ್ಕೆ ಹತ್ತು ಹದಿನೈದು ನಿಮಿಷ ಮಾತಾಡಿ ವಿಚಾರಿಸುವ ಒಬ್ಬ ಕೋಚ್ ಬೇಕೆಂದಿದ್ದರು. ಏನು ನೆರವು ಬೇಕು, ತಲೆಯ ಮೇಲೆ ಏನು ಹೊಣೆಯಿದೆ, ಇವತ್ತಿನ ಯೋಜನೆಯೇನು, ಜೊತೆಗೊಂದು ಹುರುಪಿನ ಮಾತು. ಅಷ್ಟೇ. ಒಬ್ಬೊಬ್ಬರಿಗೆ ಒಬ್ಬ ಕೋಚ್ ಎಂದರೆ ಖರ್ಚು ಹೆಚ್ಚು. ಗುಂಪಾದರೆ ಖರ್ಚು ಹಂಚಿಹೋಗುತ್ತದೆ, ಆದರೆ ಗುಂಪಿನ ನಿಜವಾದ ಲಾಭ ಅದಲ್ಲ. ಇನ್ನೊಬ್ಬರ ಸಿಕ್ಕನ್ನು ಬಿಡಿಸುವುದನ್ನು ನೋಡುವಾಗ ನಮ್ಮದು ತಾನಾಗಿ ಕಾಣುತ್ತದೆ.

ಧಾರವಾಡದ ಹಿರಿಯರದ್ದೇ ಹೇಳುತ್ತೇನೆ, ಅವರು ಒಪ್ಪಿದ್ದಾರೆ. ಸೇರಿದ ಮೊದಲ ದಿನ ಅವರು 'ನಾಲ್ಕನೇ ಅಧ್ಯಾಯ ಮುಂದುವರಸ್ತೀನಿ' ಎಂದರು. ನಮ್ಮ ಕೋಚ್ ಒಂದು ನಿಯಮ ಇಟ್ಟಿದ್ದಾರೆ: ಏನು ಬರೆಯುತ್ತೀರಿ ಎಂದು ಹೇಳುವುದು ಬೇಡ, ಕೈ ಮೊದಲು ಏನು ಮಾಡುತ್ತದೆ ಅದನ್ನು ಹೇಳಿ. ಹಿರಿಯರು 'ಫೈಲ್ ತಗದು ಕಡೀ ಪ್ಯಾರಾ ಓದ್ತೀನಿ' ಎಂದರು. 'ಫೈಲ್ ಎಲ್ಲಿದೆ?' ಎಂದು ಕೋಚ್ ಕೇಳಿದರು. ಉತ್ತರ ಬರಲಿಲ್ಲ. ಅವರ ಕಂಪ್ಯೂಟರಿನಲ್ಲಿ ಮೂರು ಫೈಲುಗಳಿದ್ದವು: 'ಅಧ್ಯಾಯ 4 ಕೊನೆಯದು', 'ಅಧ್ಯಾಯ 4 ಕೊನೆಯದು ಹೊಸದು', 'ಅಧ್ಯಾಯ 4 ಇದೇ ಕೊನೆಯದು'. ಯಾವುದರಲ್ಲಿ ಯಾವ ಪುಟ ಸೇರಿದೆಯೆಂದು ಅವರಿಗೇ ತಿಳಿಯದು. ಪ್ರತಿದಿನ ಕೂರುತ್ತಿದ್ದರು, ಮೂರನ್ನೂ ನೋಡುತ್ತಿದ್ದರು, ಎದೆ ಕುಸಿದು ಏಳುತ್ತಿದ್ದರು. ಹೀಗೆ ಎಂಟು ತಿಂಗಳು. ಅವತ್ತಿನ ಇಡೀ ಒದ್ದೆಬಟ್ಟೆ ಆ ಮೂರು ಫೈಲುಗಳನ್ನು ಒಂದು ಮಾಡಿ, ತಾರೀಖು ಹಾಕಿ ಇಡುವುದಕ್ಕೇ ಹೋಯಿತು. ಒಂದು ವಾಕ್ಯವನ್ನೂ ಬರೆಯಲಿಲ್ಲ. ಕೊನೆಯ ಸುತ್ತಿನಲ್ಲಿ ಅವರು, 'ನನ್ನ ಬರವಣಿಗಿ ಬತ್ತಿಹೋತು ಅಂತ ಮನಿಯವರಿಗೆಲ್ಲ ಹೇಳಿಬಿಟ್ಟಿದ್ದೆ' ಅಂದು ಸುಮ್ಮನಾದರು. ಏಳು ಚೌಕಗಳಲ್ಲಿ ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆ ವಾರ ನಾನು ನನ್ನ ಅರ್ಧಕ್ಕೆ ನಿಂತ ಕಾದಂಬರಿಯ ಫೋಲ್ಡರ್ ತೆರೆದು ನೋಡಿದೆ.

ನ್ಯೂಯಾರ್ಕಿನ ಮೌಂಟ್ ಸೈನಾಯ್ ವೈದ್ಯಕೀಯ ಶಾಲೆಯಲ್ಲಿ ಮೇರಿ ಸೊಲಾಂಟೊ ಮತ್ತು ಜೊತೆಗಾರರು ಎಡಿಎಚ್‌ಡಿ ಇರುವ 88 ವಯಸ್ಕರನ್ನು ಎರಡು ಬಗೆಯ ಗುಂಪುಗಳಲ್ಲಿ 12 ವಾರ ಕೂರಿಸಿದರು. ಫಲಿತಾಂಶ ಅಚ್ಚಾಗಿದ್ದು 2010ರಲ್ಲಿ. ಒಂದು ಬಗೆಯ ಗುಂಪಿನಲ್ಲಿ ಸಮಯ ಹೊಂದಿಸುವುದು, ದೊಡ್ಡ ಕೆಲಸವನ್ನು ತುಂಡು ಮಾಡುವುದು, ಯೋಜನೆ ಬರೆದಿಡುವುದು ಇವನ್ನು ಕಲಿಸಿ, ಮನೆಯಲ್ಲಿ ಮಾಡಿದ್ದನ್ನು ಪ್ರತಿ ವಾರ ಸೇರಿ ಪರಿಶೀಲಿಸಿದರು. ಇನ್ನೊಂದರಲ್ಲಿ ಕಷ್ಟಸುಖ ಹಂಚಿಕೊಂಡು ಪರಸ್ಪರ ಧೈರ್ಯ ತುಂಬಿದರು. ಕಲಿಸುವ ಗುಂಪಿನವರಲ್ಲಿ ಗಮನದ ತೊಂದರೆ ಹೆಚ್ಚು ಇಳಿಯಿತು. ಶುರುಮಾಡಲು ಆಗುತ್ತಿಲ್ಲವೆಂದರೆ ಮೊದಲ ಹೆಜ್ಜೆಯೇ ದೊಡ್ಡದಾಗಿದೆ ಎಂಬುದು ಆ ಕಾರ್ಯಕ್ರಮದ ಒಂದು ಪಾಠ. ನಮ್ಮ ಹಿರಿಯರಿಗೆ ಸಿಕ್ಕಿದ್ದೂ ಅದೇ ಪಾಠ. ಬರೀ ಸಂಗ ಸಾಲದು, ಕಸುಬೂ ಬೇಕು.

ಇದರ ಎದುರಿಗೇ ಇಡಬೇಕಾದ ಇನ್ನೊಂದು ಅಧ್ಯಯನವಿದೆ. ಅಲೆಕ್ಸಾಂಡ್ರಾ ಫಿಲಿಪ್ಸೆನ್ ನೇತೃತ್ವದಲ್ಲಿ ಜರ್ಮನಿಯ ಹಲವು ಆಸ್ಪತ್ರೆಗಳು 400ಕ್ಕೂ ಹೆಚ್ಚು ವಯಸ್ಕರನ್ನು ಒಂದು ವರ್ಷ ಕಾಲ ಗಮನಿಸಿ 2015ರಲ್ಲಿ ಪ್ರಕಟಿಸಿದ್ದು: ರೋಗಲಕ್ಷಣ ಇಳಿಸುವುದರಲ್ಲಿ ಗುಂಪು ಚಿಕಿತ್ಸೆ, ವೈದ್ಯರು ಒಬ್ಬೊಬ್ಬರನ್ನೇ ಕೂರಿಸಿ ಸರಳವಾಗಿ ವಿಚಾರಿಸುವುದಕ್ಕಿಂತ ಮೇಲಾಗಲಿಲ್ಲ, ಔಷಧ ಮಾತ್ರ ಹುಸಿಮಾತ್ರೆಗಿಂತ ಸ್ಪಷ್ಟವಾಗಿ ಮೇಲಾಯಿತು. ಗುಂಪನ್ನು ಇಷ್ಟು ಪ್ರೀತಿಸುವ ನಾನು ಇದನ್ನು ಮರೆಮಾಚಿದರೆ ಓದುಗರಿಗೆ ಅನ್ಯಾಯ. ಔಷಧ ಬೇಕಾದವರಿಗೆ ಔಷಧವೇ ಬೇಕು. ಗುಂಪು ರೋಗವನ್ನು ಗುಣಪಡಿಸುವುದಿಲ್ಲ, ಗುಂಪು ನಾಲ್ಕನೇ ಅಧ್ಯಾಯದ ಫೈಲನ್ನು ತೆರೆಸುತ್ತದೆ. ಇವೆರಡನ್ನೂ ಬೇರೆಬೇರೆ ಲೆಕ್ಕದಲ್ಲಿ ಬರೆದುಕೊಳ್ಳಬೇಕು. ಯಾವುದೇ ಕೋಚ್ 'ಮಾತ್ರೆ ಬಿಡಿ, ನನ್ನ ಕೋರ್ಸು ಸಾಕು' ಎಂದರೆ ಅಲ್ಲಿಂದ ಎದ್ದು ಬನ್ನಿ. ತನ್ನನ್ನು ಕೋಚ್ ಎಂದು ಕರೆದುಕೊಳ್ಳಲು ವೈದ್ಯರಿಗಿರುವಂಥ ಪರವಾನಗಿಯ ಕಟ್ಟುಪಾಡು ಇಲ್ಲ. ತೊಂಬತ್ತು ದಿನದಲ್ಲಿ ಪುಸ್ತಕ ಎಂದು ಭರವಸೆ ಕೊಡುವವರಿಂದಲೂ ದೂರವಿರಿ. ಅಷ್ಟರಲ್ಲಿ ಮುಗಿಯದಿದ್ದಾಗ ಬರುವ ಅವಮಾನವನ್ನು ಅವರು ಹೊರುವುದಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಗುಂಪು ಹೊಸದೇನಲ್ಲ, ನಮಗೆ ಕಮ್ಮಟಗಳಿವೆ. ಕಥಾಕಮ್ಮಟ, ಕಾವ್ಯಕಮ್ಮಟ, ಎರಡು ಮೂರು ದಿನ ಒಂದೆಡೆ ಉಂಡು ಮಲಗಿ ಮಾತಾಡಿ ಬರುವುದು. ನನಗೆ ಅವುಗಳಿಂದ ಆದ ಉಪಕಾರ ದೊಡ್ಡದು. ಆದರೆ ಕಮ್ಮಟದಿಂದ ಮರಳಿದ ಸೋಮವಾರದ ಬಗ್ಗೆ ಯಾರೂ ಮಾತಾಡುವುದಿಲ್ಲ. ಹೊಸತರ ಹುರುಪು ಎಡಿಎಚ್‌ಡಿ ಇರುವವರಿಗೆ ಧಾರಾಳವಾಗಿ ಸಿಗುತ್ತದೆ. ಅದು ಬುಧವಾರಕ್ಕೆ ಆರಿಹೋಗುತ್ತದೆ. ನಮಗೆ ಬೇಕಾದದ್ದು ಮೂರು ದಿನದ ಹಬ್ಬಕ್ಕಿಂತ ನೂರು ವಾರದ ಸಂತೆ. ಲಂಡನ್ ರೈಟರ್ಸ್ ಸಲೂನ್ ಎಂಬ ಬಳಗ 2020ರಲ್ಲಿ, ಕೋವಿಡ್ ಬಾಗಿಲು ಮುಚ್ಚಿದಾಗ, ವಾರದ ದಿನಗಳಲ್ಲಿ ಬೆಳಗ್ಗೆ ಎಂಟಕ್ಕೆ ಪರದೆಯ ಮೇಲೆ ಒಂದು ಗಂಟೆ ಒಟ್ಟಿಗೆ ಬರೆಯುವುದನ್ನು ಶುರುಮಾಡಿ ಇನ್ನೂ ನಡೆಸಿಕೊಂಡು ಬಂದಿದೆ. ಎಡಿಎಚ್‌ಡಿಯವರಿಗೆಂದೇ ಹುಟ್ಟಿದ್ದಲ್ಲ. ಆದರೆ ನಾಳೆಯೂ ಅದೇ ಹೊತ್ತಿಗೆ ಬಾಗಿಲು ತೆರೆದಿರುತ್ತದೆ ಎಂಬ ಅದರ ಒಂದು ಗುಣ ನಮ್ಮಂಥವರಿಗೆ ಅಮೃತ.

ಗುಂಪುಗಳು ಕೆಡುವುದೂ ಉಂಟು. ಮೊದಲು ನಾನು ಸೇರಿದ್ದ ಒಂದು ಬಳಗ ನೂರಿಪ್ಪತ್ತು ಜನರ ವಾಟ್ಸ್‌ಆ್ಯಪ್ ಗುಂಪಾಗಿ ಬೆಳೆಯಿತು. ಸಭೆಯ ಲಿಂಕ್ ಹುಡುಕಲು ಫೋನ್ ತೆರೆದವಳಿಗೆ ನಲವತ್ತು ಸಂದೇಶ ಕಂಡು, ಅದರಲ್ಲೊಂದು ಹಾಡು ಕಂಡು, ಬರೆಯುವ ಗಂಟೆಯೇ ಅಲ್ಲಿ ಕರಗುತ್ತಿತ್ತು. ಯೋಜನೆಯನ್ನು ಚೆನ್ನಾಗಿ ಹೇಳಿ ಚಪ್ಪಾಳೆ ಪಡೆದವರಿಗೆ ಅರ್ಧ ಕೆಲಸ ಮುಗಿದಂತೆ ಹಾಯೆನಿಸಿ ಉಳಿದರ್ಧ ಹಾಗೇ ಉಳಿಯುತ್ತಿತ್ತು. ದಿನದಿನದ ಪದಸಂಖ್ಯೆ ಹಾಕುವ ಪಟ್ಟಿಯೂ ಇತ್ತು. ಅದರಲ್ಲಿ ಸೊನ್ನೆ ಬರೆಯಬೇಕಾದವರು ಒಬ್ಬೊಬ್ಬರಾಗಿ ಮರೆಯಾದರು. ನಾನೂ ಮರೆಯಾದೆ.

ಈ ಮರೆಯಾಗುವುದೇ ನಮ್ಮ ಬಹು ದೊಡ್ಡ ಕಂಟಕ. ಒಂದು ವಾರ ತಪ್ಪುತ್ತದೆ. ಎರಡನೆಯ ವಾರ ಮೊದಲ ವಾರದ ನಾಚಿಕೆ ಅಡ್ಡ ಬರುತ್ತದೆ. ಮೂರನೆಯ ವಾರದ ಹೊತ್ತಿಗೆ ವಾಪಸು ಹೋಗಬೇಕಾದರೆ ಮೂರು ವಾರದ ಸಮಜಾಯಿಷಿ ಹೊತ್ತು ಹೋಗಬೇಕು. ಬಾಲ್ಯದಿಂದ ಸಮಜಾಯಿಷಿ ಕೊಟ್ಟು ಕೊಟ್ಟು ಸುಸ್ತಾದವರಿಗೆ ಹೋಗದೆ ಇರುವುದೇ ಹಗುರ. ಹಾಸನದ ಶಿಕ್ಷಕಿ ಹೀಗೆ ಐದು ವಾರ ಬರಲಿಲ್ಲ. ಆರನೆಯ ಶನಿವಾರ ಬಂದರು, ಕ್ಯಾಮೆರಾ ಆರಿಸಿಕೊಂಡೇ ಬಂದರು. ಅವರು 'ಕ್ಷಮಿಸಿ, ಏನಾಯ್ತು ಅಂದ್ರೆ' ಎಂದು ಶುರುಮಾಡುವ ಮೊದಲೇ ಕೋಚ್, 'ಇವತ್ತು ಕೈ ಮೊದಲು ಏನು ಮಾಡುತ್ತೆ?' ಎಂದು ಕೇಳಿದರು. ಸ್ವಲ್ಪ ತಡೆದು, 'ನೋಟ್‌ಬುಕ್ ಬ್ಯಾಗಿನಲ್ಲಿದೆ, ಹೊರಗೆ ತೆಗೀತೀನಿ' ಎಂದು ಶಿಕ್ಷಕಿ ಹೇಳಿದರು. ಜಿಪ್ಪು ಎಳೆದ ಸದ್ದು ನಮಗೆಲ್ಲ ಕೇಳಿಸಿತು. ಒಂದು ಗುಂಪು ಒಳ್ಳೆಯದೋ ಅಲ್ಲವೋ ಎಂದು ಈಗ ಯಾರಾದರೂ ಕೇಳಿದರೆ, ಅಲ್ಲಿ ಎಷ್ಟು ಪುಸ್ತಕ ಬಂದವೆಂದು ನಾನು ನೋಡುವುದಿಲ್ಲ. ಐದು ವಾರ ತಪ್ಪಿಸಿಕೊಂಡವರನ್ನು ಆರನೆಯ ವಾರ ಹೇಗೆ ಕೂರಿಸಿಕೊಳ್ಳುತ್ತಾರೆ, ಅದನ್ನು ನೋಡುತ್ತೇನೆ.

ಇದನ್ನು ಓದುತ್ತ ತಮ್ಮನ್ನೇ ಕಂಡುಕೊಂಡವರು ಮೊದಲು ಮಾಡಬೇಕಾದ್ದು ಗುಂಪು ಹುಡುಕುವುದಲ್ಲ, ಮನೋವೈದ್ಯರನ್ನು ಕಾಣುವುದು. ಆತಂಕ, ಖಿನ್ನತೆ, ಥೈರಾಯ್ಡ್, ನಿದ್ದೆಗೇಡು ಇವೂ ಇದೇ ವೇಷದಲ್ಲಿ ಬರಬಲ್ಲವು. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಎಲ್ಲಿ ಹೋಗಬೇಕೆಂದು ತಿಳಿಯದವರಿಗೆ 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸಿದ 21 ಬಗೆಗಳಲ್ಲಿ ಆಟಿಸಂ ಇದೆ, ಕಲಿಕಾ ನ್ಯೂನತೆ ಇದೆ, ಎಡಿಎಚ್‌ಡಿ ಇಲ್ಲ. ಸರ್ಕಾರ ಹೆಸರು ಹಿಡಿದು ಕರೆಯದ ಕಷ್ಟಕ್ಕೆ ನೆರೆಯವರೇ ನೆರಳಾಗಬೇಕಾಗುತ್ತದೆ. ಅಂಥ ಗುಂಪು ಸಿಗದಿದ್ದರೆ ಇಬ್ಬರೇ ಸಾಕು: ಒಂದು ನಿಗದಿಯಾದ ಹೊತ್ತು, ಒಂದು ಫೋನ್ ಕರೆ, ಮಾತಿಲ್ಲದ ಇಪ್ಪತ್ತೈದು ನಿಮಿಷ.

ಕಳೆದ ಶನಿವಾರ ಎರಡನೆಯ ಬೈಠಕ್‌ನಲ್ಲಿ ಈ ಲೇಖನದ ನಡುವಿನ ಪುಟ ಬರೆಯುತ್ತಿದ್ದೆ. ನ್ಯೂಜೆರ್ಸಿಯವನ ಚೌಕದಲ್ಲಿ ರಾತ್ರಿದೀಪ, ಶಿಕ್ಷಕಿಯ ಚೌಕದಲ್ಲಿ ಹೊಲದ ಕಡೆಯ ಬೆಳಕು, ಯಾರದೋ ಮನೆಯ ಕುಕ್ಕರ್ ಮೂರು ಸಲ ಕೂಗಿತು. ಕೋಚ್ ಮೆಲ್ಲಗೆ 'ಬಟ್ಟೆ ಆರಿತು' ಎಂದರು. ಒಬ್ಬೊಬ್ಬರಾಗಿ ತಲೆಯೆತ್ತಿದೆವು. ಧಾರವಾಡದ ಹಿರಿಯರು ಮಾತ್ರ ಎತ್ತಲಿಲ್ಲ. ಕನ್ನಡಕ ಮೂಗಿನ ತುದಿಗೆ ಇಳಿದಿತ್ತು, ಎರಡು ಬೆರಳುಗಳು ಕೀಲಿಮಣೆಯ ಮೇಲೆ ಓಡುತ್ತಿದ್ದವು, ಅವರಿಗೆ ಕೇಳಿಸಿರಲೇ ಇಲ್ಲ. ಕೋಚ್ ಮತ್ತೆ ಕರೆಯಲಿಲ್ಲ. ನಾವು ಯಾರೂ ಪರದೆ ಮುಚ್ಚಲಿಲ್ಲ.